ಮೆಣಸಿನಕಾಯಿ ಅಜ್ಜಿಯ ಹಸಿರು ಚುಕ್ಕೆ

ಅಕ್ಟೋಬರ್ 9, ಗುರುವಾರ

ಇವತ್ತೂ ಸೋತೆ. ಕಾಫಿಗೆ ಮುಂಚೆ ಒಂದು ಕಪ್ಪೆ ನನ್ನ ಗೋಪುರ ಕೆಡವಿತು, ಕಾಫಿ ಆದ ಮೇಲೆ ಒಂದು ಮೋಡ. ಮೋಡದ ಕೈಲಿ ಸೋತವನು ಇಡೀ ಪ್ಲೆವೆನ್ ಊರಿನಲ್ಲಿ ನಾನೊಬ್ಬನೇ ಇರಬೇಕು. ಜೀವಮಾನವೆಲ್ಲ ಟ್ರಾಲಿಬಸ್ ಓಡಿಸಿ, ಪಿಂಚಣಿ ತಗೊಂಡು, ಮಂಡಿಗೆ ಮುಲಾಮು ಹಚ್ಚಿಕೊಂಡು, ಸೋಫಾದ ಮೇಲೆ ಕಾಲು ಚಾಚಿ ಫೋನಿನೊಳಗಿನ ಕಪ್ಪೆಗೆ ಬೈಯುತ್ತಿದ್ದೇನೆ. ಭಲೇ ಸ್ಪಾಸ್!

ಆಟ ನನ್ನದಲ್ಲ, ನನ್ನ ಹೆಂಡತಿ ರಾಯ್ನಾಳದು. ಹೋದ ವರ್ಷ ಬೇಸಿಗೆಯಲ್ಲಿ ಅವಳು ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಹಾಸಿಗೆಯ ಹುಡುಗಿ ಕಲಿಸಿಕೊಟ್ಟಿದ್ದು. ಹೆಸರು ‘ಏಳು ಗೋಪುರ’. ಇಸ್ಪೀಟಿನ ಹಾಗೇ ಎಲೆ ಹಾಕುವುದು. ರಾಜ ರಾಣಿಯ ಬದಲು ಕಪ್ಪೆ, ಮಾಟಗಾತಿ, ಮೇಕೆ. ಆಡುವುದು ಬಿಟ್ಟಿ. ಗೆದ್ದ ಎಲೆ ಕಂಪನಿಯದಲ್ಲ, ಗೆದ್ದವರದ್ದೇ. ಯಾವ ಎಲೆ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಬರೆದಿಟ್ಟಿರುತ್ತದೆ. ಬ್ಲಾಕ್‌ಚೈನ್ ಅಂತೆ. ಎಲೆ ತಿರುಗಿಸಿದರೆ ಬೆನ್ನ ಮೇಲೆ ಹಿಂದಿನ ಒಡೆಯರ ಹೆಸರೆಲ್ಲ ಸಾಲಾಗಿ ಕಾಣುತ್ತದೆ, ಯಾರೂ ಅಳಿಸಲಾರರು.

ರಾಯ್ನಾ ತನಗೆ ಇಟ್ಟುಕೊಂಡ ಹೆಸರು ‘ಮೆಣಸಿನಕಾಯಿ ಅಜ್ಜಿ’. ಅವಳಿಗೆ ಮೇಕೆಯ ಹುಚ್ಚು. ಆಟದಲ್ಲಿರುವ ಮೇಕೆಗಳನ್ನೆಲ್ಲ ಕೂಡಿಹಾಕಿದ್ದಳು. ಕುಂಟ ಮೇಕೆ ಒಂದು ಮಾತ್ರ ಕಾಣುತ್ತಿಲ್ಲ. ಅದು ಅವಳ ಮುದ್ದಿನದು. ಯಾರಿಗೆ ಕೊಟ್ಟಳೋ!

ನಾನು ಅವಳ ಖಾತೆಯಲ್ಲಿ ಆಟ ತೆರೆದ ಕೂಡಲೇ ಅವಳ ಹೆಸರಿನ ಪಕ್ಕ ಹಸಿರು ಚುಕ್ಕೆ ಹತ್ತಿಕೊಳ್ಳುತ್ತದೆ. ‘ಮೆಣಸಿನಕಾಯಿ ಅಜ್ಜಿ ಆಟದಲ್ಲಿದ್ದಾರೆ’ ಎಂದು ಬರುತ್ತದೆ. ಏಪ್ರಿಲ್‌ನಲ್ಲಿ ಅವಳನ್ನು ಮಣ್ಣು ಮಾಡಿ ಬಂದ ದಿನದಿಂದ ನಾನು ಆಡುವುದು ಆ ಒಂದು ಸಾಲು ನೋಡುವುದಕ್ಕೆ. ಯಾರಿಗಾದರೂ ಹೇಳಿದರೆ ಮುದುಕನಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಕೆಟ್ಟಿದೆ, ನಿಜ. ಹಾಗಂತ ಎಲ್ಲರಿಗೂ ಹೇಳಬೇಕೇ?

ಅಕ್ಟೋಬರ್ 11, ಶನಿವಾರ

ನನ್ನ ಒಡಹುಟ್ಟಿದ ನೆವೆನಕ್ಕ ಬಂದಿದ್ದಳು. ಕೈಯಲ್ಲಿ ರಾಯ್ನಾಳ ಫೋಟೊ ಇರುವ ಕಪ್ಪಂಚಿನ ಹಾಳೆ. ‘ನಮ್ಮನ್ನಗಲಿ ಆರು ತಿಂಗಳು.’ ಕಟ್ಟಡದ ಬಾಗಿಲಿಗೆ ಅಂಟಿಸಬೇಕು. ನಮ್ಮ ಬಾಗಿಲಲ್ಲಿ ಆಗಲೇ ಸಾಲು ಸಾಲು ಮುಖಗಳಿವೆ. ಹೋದವರೆಲ್ಲ ಒಳಗೆ ಬರುವವರನ್ನು ನೋಡುತ್ತಾ ನಿಂತಿರುತ್ತಾರೆ.

“ಅಂಟಿಸ್ತೀನಿ ಬಿಡಕ್ಕ,” ಎಂದೆ.

“ಯಾವಾಗ? ವರ್ಷದ್ದು ಬಂದ್ಮೇಲೆ ಎರಡೂ ಜೋಡಿಯಾಗಾ?”

“ಅಂಟು ಮುಗಿದಿದೆ.”

“ಮೈದಾ ಇಲ್ವೇನೋ ಮನೇಲಿ? ನೀರು ಇಲ್ವಾ? ಅದೇನು ಕೈಯಲ್ಲಿ ಯಾವಾಗ್ಲೂ ಆ ಫೋನು, ಎಳೇ ಮಗು ಹಾಗೆ!”

ಹಾಳೆಯನ್ನು ಫ್ರಿಜ್ಜಿನ ಹಿಂದಕ್ಕೆ ಸೇರಿಸಿದೆ. ಕೆಳಗೆ ಅದು ಅಂಟಿದರೆ ಮೇಲೆ ಹಸಿರು ಚುಕ್ಕೆ ಸುಳ್ಳಾಗುತ್ತದೆ. ಎರಡೂ ಒಟ್ಟಿಗೆ ಇರುವುದು ಹೇಗೆ?

ಅಕ್ಟೋಬರ್ 22, ಬುಧವಾರ

ದಿನವೂ ಮಧ್ಯಾಹ್ನ ರಾಯ್ನಾಳ ಜೊತೆ ಆಡುತ್ತಿದ್ದ ಒಬ್ಬ ಪೋರ್ಚುಗಲ್‌ನವನಿದ್ದಾನೆ. ‘ಉಪ್ಪುಮೀನು’ ಅಂತ ಹೆಸರು. ಗಂಡೋ ಹೆಣ್ಣೋ ದೇವರಿಗೇ ಗೊತ್ತು. ಬರೆದದ್ದನ್ನು ಆಟವೇ ಅನುವಾದ ಮಾಡಿಕೊಡುತ್ತದೆ. ಪ್ರತಿ ಸಲ ನನ್ನನ್ನು ಸೋಲಿಸಿ, “ಚೆನ್ನಾಗಿ ಆಡಿದಿರಿ ಅಜ್ಜಿ, ನಾಳೆ ಸಿಗೋಣ” ಎಂದು ಬರೆಯುತ್ತಾನೆ. ನಾನು ಅಜ್ಜಿಯಾಗಿ “ಆಗಲಿ ಮಗೂ” ಎನ್ನುತ್ತೇನೆ. ಈ ಮೀಸೆ ಇಟ್ಟುಕೊಂಡು!

ರಾಯ್ನಾ ಇದ್ದಾಗ ಆಟಗಾರರ ಪಟ್ಟಿಯ ಮೇಲ್ತುದಿಯ ಹತ್ತಿರ ಇದ್ದಳು. ಈಗ ಅಜ್ಜಿಯ ಹೆಸರು ಹುಡುಕಬೇಕಾದರೆ ಬೆರಳು ನೋಯುವಷ್ಟು ಕೆಳಕ್ಕೆ ಸರಿಸಬೇಕು. ಕ್ಷಮಿಸೇ.

ನವೆಂಬರ್ 1, ಶನಿವಾರ

ಸತ್ತವರ ಶನಿವಾರ. ಊರೆಲ್ಲ ಸ್ಮಶಾನದಲ್ಲಿ. ಬೇಯಿಸಿದ ಗೋಧಿ, ಬ್ರೆಡ್ಡು, ವೈನ್ ತಗೊಂಡು ಹೋಗಿ, ಸಮಾಧಿಗೆ ಧೂಪ ಹಾಕಿ, ಸಿಕ್ಕಿದವರಿಗೆಲ್ಲ ಸತ್ತವರ ಹೆಸರಿನಲ್ಲಿ ತಿನ್ನಲು ಕೊಡಬೇಕು. ನನಗೆ ಮಂಡಿನೋವು ಎಂದೆ. ನೆವೆನಕ್ಕ ಬುಟ್ಟಿ ಎತ್ತಿಕೊಂಡಳು. ಬಾಗಿಲ ಹತ್ತಿರ ನಿಂತು ಏನೋ ಕೇಳಿದಳು. ನನ್ನ ಮಾಟಗಾತಿ ಆಗ ಸಾಯುವ ಸ್ಥಿತಿಯಲ್ಲಿದ್ದಳು.

“ತಗೋ ತಗೋ, ಏನು ಬೇಕೋ ತಗೊಂಡ್ಹೋಗು,” ಎಂದೆ.

ಮಾಟಗಾತಿ ಉಳಿಯಲಿಲ್ಲ.

ನವೆಂಬರ್ 5, ಬುಧವಾರ

ನನ್ನಂಥ ದಡ್ಡ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ.

ಹುರುಳಿಕಾಯಿ ಬೀಜದ ಸಾರು ಕುದಿಯುತ್ತಿತ್ತು. ಒಲೆಯ ಮೇಲಿನ ಕಪಾಟಿಗೆ ಫೋನ್ ಒರಗಿಸಿ, ಒಂದು ಕೈಯಲ್ಲಿ ಸೌಟು ತಿರುಗಿಸುತ್ತಾ ಇನ್ನೊಂದರಲ್ಲಿ ಎಲೆ ಹಾಕುತ್ತಿದ್ದೆ. ಉಪ್ಪುಮೀನು ಹಾಕಿದ ಎಲೆ ನೋಡಿ “ಅಯ್ಯೋ!” ಎಂದು ಕೈ ಬೀಸಿದೆ. ಫೋನು ಹೋಗಿ ಸಾರಿಗೆ ಬಿತ್ತು. ಸೌಟಿನಲ್ಲಿ ತೆಗೆದೆ. ಅಂಗಡಿಯ ಹುಡುಗಿ ಅದನ್ನು ಮೂಸಿ ನೋಡಿ, “ಪುದೀನ ಜಾಸ್ತಿ ಹಾಕ್ತೀರ ನೀವು,” ಎಂದಳು. ಹೊಸದು ತಗೊಂಡು ಬಂದೆ.

ಹೊಸ ಫೋನಿನಲ್ಲಿ ಆಟ ಕೇಳುತ್ತಿದೆ: ‘ನಿಮ್ಮ ಹನ್ನೆರಡು ಪದಗಳನ್ನು ಕ್ರಮವಾಗಿ ಬರೆಯಿರಿ.’ ಆ ಪದಗಳೇ ಕೀಲಿಕೈ. ಕಳೆದುಕೊಂಡರೆ ಕಂಪನಿಯವರೂ ಕೈ ಚೆಲ್ಲುತ್ತಾರೆ, ದೇವರು ಬಂದರೂ ತೆರೆಯಲಾಗದು.

ನಾನು ಗಾಬರಿಯಾಗಲಿಲ್ಲ. ಪದ ಎಲ್ಲಿವೆಯೆಂದು ಗೊತ್ತಿತ್ತು. ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ರಾಯ್ನಾ ಕೊನೆಯ ಸಲ ಲ್ಯುತೆನಿತ್ಸಾ ಮಾಡಿದಳು. ಕೆಂಪು ದೊಣ್ಣೆ ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಟೊಮೆಟೊ ಸೇರಿಸಿ ಅರ್ಧ ದಿನ ತಿರುವಿದ ಗೊಜ್ಜು. ಆಗಲೇ ಅವಳಿಗೆ ನಿಲ್ಲಲು ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತೇ ತಿರುವಿದಳು. ಹನ್ನೆರಡು ಬಾಟಲಿ ಆಯಿತು. ಒಂದೊಂದು ಮುಚ್ಚಳದ ಮೇಲೂ ಚೀಟಿ ಅಂಟಿಸಿ, ಒಂದು ಅಂಕಿ, ಒಂದು ಪದ ಬರೆದಳು. “ಕಾಗದ ಆದ್ರೆ ನೀನು ಕಳೀತೀಯ. ಗೊಜ್ಜು ಕಳೆಯಲ್ಲ,” ಎಂದಳು. ಅದಕ್ಕೇ ನಾನು ಅವನ್ನು ಮುಟ್ಟಿರಲಿಲ್ಲ. ಪದ ಹಾಳಾಗಬಾರದೆಂದು, ಅಷ್ಟೇ.

ನೆಲಮಾಳಿಗೆಗೆ ಇಳಿದೆ. ನಮ್ಮ ಗೂಡಿನ ಬೀಗ ತೆಗೆದೆ. ಹಲಗೆ ಖಾಲಿ. ಧೂಳಿನ ಮೇಲೆ ದುಂಡು ದುಂಡು ಗುರುತು ಮಾತ್ರ ಇತ್ತು.

ತಗೋ ತಗೋ, ಏನು ಬೇಕೋ ತಗೊಂಡ್ಹೋಗು.

ನವೆಂಬರ್ 6, ಗುರುವಾರ

ನೆವೆನಕ್ಕನ ಮನೆಗೆ ಹೋಗಿ ಕೂಗಾಡಿದೆ. ಅವಳೂ ಕೂಗಾಡಿದಳು.

“ಸತ್ತವಳ ಹೆಸರಲ್ಲಿ ಅವಳ ಕೈಯಡುಗೆ ಹಂಚಿದೆ. ಅದು ತಪ್ಪಾ? ನಿನ್ನ ಕೇಳ್ದೇ ತಗೊಂಡ್ನಾ? ಗೊಜ್ಜು ಅಂತ ಎರಡು ಸಲ ಕೇಳ್ದೆ ಕಣೋ!”

“ಮುಚ್ಚಳದ ಮೇಲೆ ಪದ ಇತ್ತು!”

“ಇತ್ತು. ನೋಡಿ ನನ್ನ ಕರುಳು ಕಿತ್ತು ಬಂತು. ಪಾಪ, ಹೋಗೋ ಮುಂಚೆ ಒಬ್ಬೊಬ್ರಿಗೂ ಒಂದೊಂದು ಮಾತು ಬರೆದಿಟ್ಟಿದ್ದಾಳೆ ಅಂತ. ಯಾರಿಗೆ ಯಾವ್ದು ಅಂತ ತಿಳೀಲಿಲ್ಲ, ದೇವರ ಮೇಲೆ ಭಾರ ಹಾಕಿ ಕೊಟ್ಟೆ. ಎಲ್ಲರಿಗೂ ಹಂಗೇ ಹೇಳ್ದೆ, ಇದು ನಿಮಗೇ ಅಂತ ರಾಯ್ನಾ ಬರೆದಿದ್ದು ಅಂತ.”

ನಾನು ಹಣೆ ಚಚ್ಚಿಕೊಂಡೆ. ಪಾಸ್‌ವರ್ಡ್ ಎಂದು ಹೇಳಲು ಬಾಯಿ ತೆರೆದವನು, ಅವಳ ಕಣ್ಣು ನೋಡಿ ಮುಚ್ಚಿದೆ.

ಹೆಚ್ಚಿನ ಬಾಟಲಿ ಅವಳ ಮನೆಯಲ್ಲೇ ಇತ್ತು, ಕ್ರಿಸ್‌ಮಸ್‌ಗೆ ನೆಂಟರಿಗೆ ಕೊಡಲು. ಆ ಪದಗಳನ್ನು ಬರೆದುಕೊಂಡೆ. ಹೊರಗೆ ಹೋದವು ನಾಲ್ಕು: ಪಾದ್ರಿಗೆ ಒಂದು, ಮೇಲಿನ ಮಹಡಿಯ ಗಿನ್ಕಾಳಿಗೆ ಒಂದು, ಸ್ಮಶಾನದಲ್ಲಿ ಸಿಕ್ಕ ವೇಸಾ ಎಂಬ ಹೆಂಗಸಿಗೆ ಒಂದು. ಮತ್ತೆ ಮೆತೋದಿಗೆ ಒಂದು.

“ಮೆತೋದಿಗೆ ಯಾಕೆ ಕೊಟ್ಟೆ?”

“ಯಾಕೆ ಕೊಡಬಾರ್ದು? ಪಾರ್ಕಲ್ಲಿ ವರ್ಷಾನುಗಟ್ಲೆ ನಿನ್ನ ಎದುರು ಕೂತು ಇಸ್ಪೀಟು ಆಡ್ದೋನು.”

ರಾಯ್ನಾಳ ಮಣ್ಣಿಗೆ ಬಾರದವನು. ಅವನ ಜೊತೆ ನನಗೆ ಮಾತಿಲ್ಲ.

ನವೆಂಬರ್ 9, ಭಾನುವಾರ

ರಾಯ್ನಾಳ ಮಣ್ಣಿನ ನಂತರ ಮೊದಲ ಸಲ ಚರ್ಚಿಗೆ ಹೋದೆ. ಭಕ್ತಿಯಿಂದಲ್ಲ, ಒಂದು ಪದಕ್ಕೆ. ಕೇಳುವುದೇ ಬೇಕಾಗಲಿಲ್ಲ. ಪಾದ್ರಿಗಳು ಪ್ರವಚನದಲ್ಲಿ ಕೈಯೆತ್ತಿ ಹೇಳಿದರು: “ನಮ್ಮ ಸೋದರಿ ರಾಯ್ನಾ ನನಗೊಂದು ಮಾತು ಬಿಟ್ಟುಹೋಗಿದ್ದಾಳೆ. ಏಳು, ಸಾಬೂನು! ಯೋಚಿಸಿ. ಏಳು ಎಂದರೆ ಏಳು ಪಾಪ. ಸಾಬೂನು ಎಂದರೆ ಪಶ್ಚಾತ್ತಾಪ.”

ಹೆಂಗಸರು ಕಣ್ಣೊರೆಸಿಕೊಂಡರು. ನನಗೆ ನಗು ತಡೆಯಲಾಗದೆ ಹೆಗಲು ಕುಣಿಯುತ್ತಿತ್ತು. ಪಕ್ಕದಾಕೆ ಅಳುತ್ತಿದ್ದೇನೆಂದು ಬೆನ್ನು ಸವರಿದಳು. ಇದನ್ನು ರಾಯ್ನಾಳಿಗೆ ಹೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಕ್ಕಿರುತ್ತಿದ್ದಳು. ಆಮೇಲೆ ನಿಜವಾಗಿಯೂ ಅಳು ಬಂತು. ಅಷ್ಟು ಹೊತ್ತಿಗೆ ಪಕ್ಕದಾಕೆ ಸವರುವುದು ನಿಲ್ಲಿಸಿದ್ದಳು.

ನವೆಂಬರ್ 10, ಸೋಮವಾರ

ಗಿನ್ಕಾ ಬಾಗಿಲು ತೆಗೆದವಳೇ ಸೊಂಟಕ್ಕೆ ಕೈಯಿಟ್ಟಳು.

“ಬಾ ಸ್ಪಾಸಣ್ಣ, ನಿನ್ನನ್ನೇ ಕಾಯ್ತಿದ್ದೆ. ನಾನು ಹೇಸರಗತ್ತೇನಾ?”

“ಏನಂತೀಯಮ್ಮ?”

“ನಿನ್ನ ಹೆಂಡ್ತಿ ಬರ್ದಿದ್ದಾಳೆ. ನಾಲ್ಕು, ಹೇಸರಗತ್ತೆ! ನಾಲ್ಕನೇ ಮಹಡಿ ಹೇಸರಗತ್ತೆ ಅಂತ ವಿಳಾಸ ಸಮೇತ! ಕಂಬಳಿ ಒದರಿದ್ರೆ ಅವಳ ಬಾಲ್ಕನಿಗೆ ಧೂಳು ಬೀಳತ್ತೆ ಅಂತ ಇದ್ದಾಗ ಜಗಳ ಮಾಡಿದ್ಳು, ಸರಿ. ಸತ್ತ ಮೇಲೂ ಬಿಡಲ್ವಾ?”

ಪದ ಸಿಕ್ಕಿತು, ಓಡಿಹೋಗಬಹುದಿತ್ತು. ಯಾಕೋ ಕಾಲು ಬರಲಿಲ್ಲ.

“ಗಿನ್ಕಾ, ರಾಯ್ನಾಗೆ ಮೇಕೆ, ಕತ್ತೆ ಅಂದ್ರೆ ಪ್ರಾಣ. ನನಗೆ ಒಂದು ದಿನಾನಾದ್ರೂ ಹೇಸರಗತ್ತೆ ಅಂದಿದ್ರೆ ನಾನು ಪುಣ್ಯವಂತ. ನನಗೆ ಬರೀ ಮರದ ಕೊರಡು ಅಂತಿದ್ಳು.”

ಸೊಂಟದ ಮೇಲಿದ್ದ ಅವಳ ಕೈ ಕೆಳಗಿಳಿಯಿತು. ಆಮೇಲೆ ಶುರುವಾಯಿತು ನೋಡಿ ನಗು, ಮೆಟ್ಟಿಲ ತುಂಬ ಕೇಳುವಂತೆ. ಒಳಗೆ ಕೂರಿಸಿ ಬಾನಿತ್ಸಾ ಬಿಸಿ ಮಾಡಿ ಕೊಟ್ಟಳು, ತುಪ್ಪ ಸುರಿಯುವ ಚೀಸಿನ ಕಡುಬು. ತೊಳೆದು ಒಣಗಿಸಿದ ಖಾಲಿ ಬಾಟಲಿ ಕೈಗಿಟ್ಟಳು. ಬಾಟಲಿ ಹಿಂದಿರುಗಿಸದವರು ನಮ್ಮ ಕಡೆ ಮನುಷ್ಯರಲ್ಲ.

“ಗೊಜ್ಜು ಚೆನ್ನಾಗಿತ್ತು. ಉಪ್ಪು ಮಾತ್ರ ಒಂಚೂರು ಕಮ್ಮಿ,” ಎಂದಳು.

ಇಡೀ ಬೀದಿಯಲ್ಲಿ ರಾಯ್ನಾಳ ಗೊಜ್ಜಿನಲ್ಲಿ ತಪ್ಪು ಹುಡುಕಿದವರಿಲ್ಲ. ಹೇಸರಗತ್ತೆಯೇ ಸರಿ ಇವಳು.

ನವೆಂಬರ್ 13, ಗುರುವಾರ

ವೇಸಾ ಸಿಗುವುದಕ್ಕೆ ಸ್ಮಶಾನ, ಅಲ್ಲಿಂದ ಅವಳ ಮನೆ, ಅಲ್ಲಿಂದ ಆಸ್ಪತ್ರೆ ಸುತ್ತಿದೆ. ರಾಯ್ನಾ ಇದ್ದ ಆಸ್ಪತ್ರೆ. ಆ ಕಾರಿಡಾರಿಗೆ ಮತ್ತೆ ಕಾಲಿಡುವುದಿಲ್ಲ ಎಂದುಕೊಂಡಿದ್ದೆ. ವಾಸನೆ ಅದೇ.

ಸಣ್ಣ ಹೆಂಗಸು. ತಲೆಗೆ ಬಟ್ಟೆ ಕಟ್ಟಿಕೊಂಡು ಕಿಟಕಿಯ ಹತ್ತಿರ ಕೂತಿದ್ದಳು. ರಾಯ್ನಾಳ ಗಂಡ ಎಂದ ಕೂಡಲೇ ಕೈಚೀಲದಿಂದ ಮುಚ್ಚಳ ತೆಗೆದಳು. ಚೀಟಿಯ ಅಂಚು ಮುಟ್ಟಿ ಮುಟ್ಟಿ ಸವೆದಿತ್ತು. ‘11, ನಾಳೆ.’ ರಾಯ್ನಾಳ ಅಕ್ಷರ, ಎಡಕ್ಕೆ ವಾಲಿದ್ದು.

“ಡಾಕ್ಟ್ರು ಬೆಳಿಗ್ಗೆ ಬಂದು ಆಪರೇಷನ್ ನಾಳೆ ಹನ್ನೊಂದು ಗಂಟೆಗೆ ಅಂದ್ರು,” ಎಂದಳು ಮೆಲ್ಲಗೆ. “ಬೇಡ ಅಂತ ಮನೆಗೆ ಹೊರಟುಬಿಡೋಣ ಅಂತಿದ್ದೆ. ಆಮೇಲೆ ಇದು ನೆನಪಾಯ್ತು. ನಿಮ್ಮ ಮನೆಯವರಿಗೆ ನಾನು ಯಾರೂ ಅಲ್ಲ. ನಮ್ಮವರ ಸಮಾಧಿ ಅವರ ಸಾಲಲ್ಲಿದೆ, ಅಷ್ಟೇ. ಇದನ್ನ ಅವರು ನನಗೇ ಬರೆದಿದ್ದಾ?”

ನನ್ನ ಪದ ಸಿಕ್ಕಿತ್ತು. ಸತ್ಯ ಹೇಳಲು ಒಂದು ನಿಮಿಷ ಸಾಕಿತ್ತು: ಅಮ್ಮಾ, ಇದು ಕಪ್ಪೆ ಮೇಕೆಗಳ ಆಟದ ಬೀಗದ ಕೈ.

“ಹೌದು, ನಿಮಗೇ,” ಎಂದೆ. “ಅವಳು ಹಾಗೇ, ಯಾರಿಗೆ ಏನು ಬೇಕು ಅಂತ ಅವರ ಮುಖ ನೋಡದೆನೇ ಗೊತ್ತಾಗ್ತಿತ್ತು.”

ಮುಚ್ಚಳ ಅವಳ ಕೈಯಲ್ಲೇ ಬಿಟ್ಟು ಬಂದೆ. ಬಸ್ಸಿನಲ್ಲಿ ಕೂತು, ಸುಳ್ಳು ಹೇಳುವುದರಲ್ಲಿ ನಾನು ಎಂಥಾ ನಿಪುಣನಾದೆ ಎಂದು ನನಗೇ ನಾಚಿಕೆಯಾಯಿತು.

ನವೆಂಬರ್ 14, ಶುಕ್ರವಾರ

ಆಸ್ಪತ್ರೆಗೆ ಫೋನ್ ಮಾಡಿದೆ. ಆಪರೇಷನ್ ಆಯಿತಂತೆ. ಎಚ್ಚರವಾಗಿದ್ದಾಳೆ.

ನವೆಂಬರ್ 17, ಸೋಮವಾರ

ಒಂದು ಪದ ಬಾಕಿ. ಮೆತೋದಿಯ ಮನೆ ಪಾರ್ಕಿನ ಆಚೆ. ಹೋಗಲಿಲ್ಲ.

ನವೆಂಬರ್ 18, ಮಂಗಳವಾರ

ಮಳೆ. ಹೋಗಲಿಲ್ಲ.

ನವೆಂಬರ್ 20, ಗುರುವಾರ

ಮಳೆ ಇರಲಿಲ್ಲ. ಹೋಗಲಿಲ್ಲ. ಎರಡು ವಾರವಾಯಿತು ಅಜ್ಜಿಯ ಚುಕ್ಕೆ ಆರಿ. ಉಪ್ಪುಮೀನು ಏನೆಂದುಕೊಂಡಿರಬೇಕು? ಹೇಳದೆ ಕೇಳದೆ ಎದ್ದುಹೋದಳು ಅಂತ? ಅವಳು ಆಟದ ನಡುವೆ ಎದ್ದುಹೋಗುವವಳೇ ಅಲ್ಲ. ಸಾರಿನಲ್ಲಿ ಬಿದ್ದದ್ದು ಫೋನಲ್ಲ, ಅವಳ ಮರ್ಯಾದೆ.

ನವೆಂಬರ್ 22, ಶನಿವಾರ

ಹೋದೆ. ಬೆಲ್ ಒತ್ತುವ ಮುಂಚೆಯೇ ಮೆತೋದಿ ಬಾಗಿಲು ತೆಗೆದ. ಕಿಟಕಿಯಿಂದ ನೋಡುತ್ತಿದ್ದನಂತೆ.

“ಬಂದೆಯಾ ಮಾರಾಯ?”

“ಒಂದು ಪದ ಕೇಳೋಕೆ ಬಂದೆ. ಗೊಜ್ಜಿನ ಮುಚ್ಚಳದ ಮೇಲಿದ್ದದ್ದು. ಕೊಡು, ಹೋಗ್ತೀನಿ.”

“ತಾಳು,” ಎಂದ.

“ಯಾಕೆ ತಾಳ್ಬೇಕು?”

“ಪದಾನೇ ಅದು ಕಣೋ. ಹನ್ನೆರಡು, ತಾಳು. ತಾಳಿದವನು ಬಾಳಿಯಾನು ಅಂತ ತಾಳ್ತಾ ಇದ್ದೆ. ಹನ್ನೆರಡು ದಿನ ಅಂದ್ಕೊಂಡೆ, ನೀನು ಬರ್ಲಿಲ್ಲ. ಹನ್ನೆರಡು ವಾರ ಇರ್ಬೇಕು ಅಂದ್ಕೊಂಡೆ. ತಿಂಗಳು ಅಂದಿದ್ರೆ ನಾನೇ ಇರ್ತೀನೋ ಇಲ್ವೋ!”

ನನ್ನೊಳಗೆ ಏಪ್ರಿಲ್‌ನಿಂದ ಕುದಿಯುತ್ತಿದ್ದದ್ದು ಉಕ್ಕಿ ಬಂತು. “ಮಣ್ಣಿಗೆ ಯಾಕೋ ಬರ್ಲಿಲ್ಲ?” ಎಂದು ಕಿರುಚಿದೆ.

ಅವನು ಕುರ್ಚಿ ಹಿಡಿದುಕೊಂಡು ಕೂತ. “ಸ್ಮಶಾನದ ಗೇಟಿನ ತನಕ ಬಂದಿದ್ದೆ. ಹೂವಿನವಳನ್ನ ಕೇಳು. ನನ್ನ ಹೆಂಡ್ತಿ ಎಲೆನಾನ್ನೂ ಅದೇ ಗೇಟಲ್ಲೇ ತಗೊಂಡ್ಹೋಗಿದ್ದಲ್ವಾ? ಕಾಲು ಏಳ್ಲಿಲ್ಲ ಸ್ಪಾಸ್. ಅಲ್ಲೇ ಬೆಂಚ್ ಮೇಲೆ ಕೂತಿದ್ದೆ, ನೀವೆಲ್ಲ ಹೊರಡೋ ತನಕ.”

ನನಗೂ ಆ ಶನಿವಾರ ಮಂಡಿನೋವು ಬಂದಿತ್ತಲ್ಲ. ಅವನ ಪಕ್ಕ ಕೂತೆ.

ಅವನು ಬಾಟಲಿ ತೆರೆದೇ ಇರಲಿಲ್ಲ. “ತಾಳು ಅಂದ್ಳಲ್ಲ,” ಎಂದ. ಈಗ ತೆರೆದ. ಬ್ರೆಡ್ಡು ಕೊಯ್ದ, ಚೀಸ್ ಪುಡಿ ಮಾಡಿದ, ಹಣ್ಣಿನ ಸಾರಾಯಿ ರಾಕಿಯಾ ಬಗ್ಗಿಸಿದ. ಸಂಪ್ರದಾಯದಂತೆ ಒಂದೆರಡು ಹನಿ ನೆಲಕ್ಕೆ ಚೆಲ್ಲಿದೆವು. ನಾನು ಮೊದಲ ತುತ್ತು ಬಾಯಿಗಿಟ್ಟೆ.

ಉಪ್ಪು ಕಮ್ಮಿ.

ಉಪ್ಪೇ ಇಲ್ಲ. ಆ ಹೊತ್ತಿಗೆ ಅವಳಿಗೆ ಔಷಧಿಯಿಂದ ನಾಲಿಗೆ ಸತ್ತುಹೋಗಿತ್ತು, ರುಚಿ ನೋಡಿ ನೋಡಿ ಸರಿಯಾಗಿದೆ ಎಂದಿದ್ದಳು. ನನಗೆ ಹೇಳಲೇ ಇಲ್ಲ. ಪಕ್ಕದಲ್ಲೇ ನಿಂತು ಬಾಟಲಿ ಒರೆಸುತ್ತಿದ್ದ ನಾನು ಕೇಳಲೂ ಇಲ್ಲ. ಮೆತೋದಿಗೆ ಹೇಳಿದೆ. ಇಬ್ಬರು ಮುದುಕರೂ ಅತ್ತೆವು. ಆಮೇಲೆ ಉಪ್ಪು ಉದುರಿಸಿಕೊಂಡು ತಿಂದೆವು. ಬಾಟಲಿ ಅರ್ಧ ಖಾಲಿ.

ಹೊರಡುವಾಗ ಆಟದ ವಿಷಯ ಹೇಳಿಬಿಟ್ಟೆ. ಪಾಸ್‌ವರ್ಡ್, ಚುಕ್ಕೆ, ಎಲ್ಲ. ನಗುತ್ತಾನೆ ಎಂದುಕೊಂಡಿದ್ದೆ.

“ಪಾರ್ಕಲ್ಲಿ ಆಡೋ ಬೆಲೋಟ್ ಇಸ್ಪೀಟಲ್ಲೇ ತುರುಫು ಎಣಿಸೋಕೆ ಬರಲ್ಲ ನಿನಗೆ,” ಎಂದ. “ಅವಳ ಹೆಸರಲ್ಲಿ ಬೇರೆ ಆಡ್ತಿದ್ಯಾ? ಪಾಪ, ರಾಯ್ನಾ!”

ನವೆಂಬರ್ 23, ಭಾನುವಾರ

ಹನ್ನೆರಡೂ ಪದ ಹಾಕಿದೆ. ತೆರೆಯಿತು. ಮೇಕೆಗಳೆಲ್ಲ ಕ್ಷೇಮ. ಹಸಿರು ಚುಕ್ಕೆ ಹತ್ತಿತು. ಉಪ್ಪುಮೀನಿನ ಮಾತುಗಳು ಒಂದರ ಕೆಳಗೊಂದು ಬಿದ್ದಿದ್ದವು: “ಅಜ್ಜಿ?” “ಇವತ್ತು ಬರುವುದಿಲ್ಲವೇ?” “ಹುಷಾರಾಗಿದ್ದೀರಾ?”

ಎಂದಿನಂತೆ “ಆಗಲಿ ಮಗೂ” ಎಂದು ಬರೆಯಲು ಹೋದೆ. ವೇಸಾಳಿಗೆ ಅಷ್ಟು ಸಲೀಸಾಗಿ ಸುಳ್ಳು ಹೇಳಿದವನಿಗೆ ಇದು ಬರೆಯಲು ಆಗಲಿಲ್ಲ. ಅಳಿಸಿ ಬರೆದೆ:

“ಮೆಣಸಿನಕಾಯಿ ಅಜ್ಜಿ ಏಪ್ರಿಲ್‌ನಲ್ಲಿ ತೀರಿಕೊಂಡಳು. ಅವಳ ಹೆಸರು ರಾಯ್ನಾ. ನಾನು ಅವಳ ಗಂಡ. ಇಷ್ಟು ದಿನ ನಿಮ್ಮ ಜೊತೆ ಆಡಿದ್ದು ನಾನು. ಕ್ಷಮಿಸಿ.”

ಕಳಿಸಿ ಫೋನನ್ನು ಮಗುಚಿ ಇಟ್ಟೆ.

ನವೆಂಬರ್ 24, ಸೋಮವಾರ

ಉತ್ತರ ಬಂದಿದೆ.

“ನನಗೆ ಏಪ್ರಿಲ್‌ನಿಂದಲೇ ಗೊತ್ತು. ಅಜ್ಜಿ ನನಗೆ ಒಂದು ಸಲವೂ ಸೋತವರಲ್ಲ. ನೀವು ಒಂದು ಸಲವೂ ಗೆದ್ದವರಲ್ಲ. ನೀವಾಗಿ ಹೇಳುವ ತನಕ ಕೇಳಬಾರದು ಎಂದು ಸುಮ್ಮನಿದ್ದೆ. ಮಾರ್ಚ್‌ನಲ್ಲಿ ಅವರು ಕುಂಟ ಮೇಕೆಯನ್ನು ನನ್ನ ಬಳಿ ಇಟ್ಟಿದ್ದಾರೆ. ‘ನನ್ನ ಗಂಡ ಆಡಲು ಬರುತ್ತಾನೆ. ತನ್ನದೇ ಹೆಸರಿನಲ್ಲಿ ಬಂದ ದಿನ ಕೊಡು, ಅಲ್ಲಿಯ ತನಕ ಕೊಡಬೇಡ’ ಎಂದಿದ್ದರು. ನೀವು ಬರಲೇ ಇಲ್ಲ. ಹೊಸ ಹೆಸರು ಹೇಳಿ, ಕಳಿಸುತ್ತೇನೆ.”

ಮೂರು ಸಲ ಓದಿದೆ. ಮರದ ಕೊರಡು ಎನ್ನುತ್ತಿದ್ದಳಲ್ಲ, ಸುಮ್ಮನೆ ಅಲ್ಲ.

ಹೊಸ ಖಾತೆ ತೆರೆದೆ. ಹೆಸರು ‘ಟ್ರಾಲಿಬಸ್’. ಎಲ್ಲ ಹೊಸಬರಿಗೂ ಕೊಡುವ ಬಿಟ್ಟಿ ಎಲೆ ಕೊಟ್ಟರು, ಹನ್ನೆರಡು ಹೊಸ ಪದವನ್ನೂ ಕೊಟ್ಟರು. ಮಧ್ಯಾಹ್ನ ಮೇಕೆ ಬಂತು. ಅದಕ್ಕೆ ಮೂರೇ ಕಾಲು, ಬಲವೂ ಇಲ್ಲ, ಓಟವೂ ಇಲ್ಲ, ಯಾವ ಕೆಲಸಕ್ಕೂ ಬಾರದ್ದು. ತಿರುಗಿಸಿ ನೋಡಿದೆ. ಬೆನ್ನ ಮೇಲೆ ಸಾಲಾಗಿ ಹೆಸರು: ಮೆಣಸಿನಕಾಯಿ ಅಜ್ಜಿ. ಉಪ್ಪುಮೀನು. ಟ್ರಾಲಿಬಸ್.

ಅವಳ ಹೆಸರಿನ ಪಕ್ಕದ ಚುಕ್ಕೆ ಈಗ ಬೂದು ಬಣ್ಣ. ಬಹಳ ಹೊತ್ತು ಅದನ್ನೇ ನೋಡಿದೆ. ನೋಡಲು ಆಯಿತು.

ಸಂಜೆ ಮೆತೋದಿ ಬಂದ, ಖಾಲಿ ಬಾಟಲಿ ತೊಳೆದು ತಂದಿದ್ದ. ಫ್ರಿಜ್ಜಿನ ಹಿಂದಿನ ಹಾಳೆ ತೆಗೆದು, ಮೈದಾ ಕಲಸಿ, ಕೆಳಗಿನ ಬಾಗಿಲಿಗೆ ಅಂಟಿಸಿದೆವು. ಸ್ವಲ್ಪ ವಾಲಿದೆ. ಗಿನ್ಕಾ ಮೆಟ್ಟಿಲಿಳಿದು ಬಂದವಳು, ಹೊಸ ಪದಗಳನ್ನು ಎಲ್ಲಿ ಬರೆದಿಡುವುದೆಂಬ ನನ್ನ ಚಿಂತೆ ಕೇಳಿ, ಏನೂ ಅರ್ಥವಾಗದೆ, “ಶನಿವಾರ ಸಂತೆಗೆ ಎಲೆಕೋಸು ಬರತ್ತೆ, ಉಪ್ಪಿನಲ್ಲಿ ಹಾಕೋಣ, ಬಾಟಲಿ ಇಟ್ಕೊಂಡಿರು,” ಎಂದಳು. ಉಪ್ಪಿನ ಅಳತೆ ಅವಳೇ ನೋಡಿಕೊಳ್ಳುತ್ತಾಳಂತೆ.

ಮೇಲೆ ಬಂದು ಉಪ್ಪುಮೀನಿನ ಜೊತೆ ಮೊದಲ ಆಟ ಆಡಿದೆ. ಸೋತೆ. ಈ ಸಲ ನನ್ನ ಹೆಸರಿನಲ್ಲೇ.